ಬಗ್ಗಿದರೆ ಆರಾಮ, ನೆಟ್ಟಗೆ ನಿಂತರೆ ಕಷ್ಟ: ಸ್ಪೈನಲ್ ಸ್ಟೆನೋಸಿಸ್ ಜೊತೆ ನನ್ನ ಸಂಸಾರ

ಸೊಂಟ ನೋವು ಅಂದ ಕೂಡಲೇ ಯಾರನ್ನೇ ಕೇಳಿ, ಹೇಳುವುದು ಒಂದೇ ಮಾತು. ಬಗ್ಗಬೇಡಿ, ನೆಟ್ಟಗೆ ನಿಲ್ಲಿ, ಬೆಲ್ಟ್ ಹಾಕಿ. ನನಗಿರುವುದು ಸ್ಪೈನಲ್ ಸ್ಟೆನೋಸಿಸ್, ಅಂದರೆ ಬೆನ್ನಿನಲ್ಲಿ ನರಗಳು ಇಳಿಯುವ ಕೊಳವೆ ಕಿರಿದಾಗುವ ಕಾಯಿಲೆ. ನನ್ನ ವಿಷಯದಲ್ಲಿ ಇದು ಪೂರ್ತಿ ಉಲ್ಟಾ. ಬಾಗಿಲ ಮುಂದೆ ಬಗ್ಗಿ ಎಷ್ಟು ದೊಡ್ಡ ರಂಗೋಲಿ ಬೇಕಾದರೂ ಇಡುತ್ತೇನೆ, ಏನೂ ಆಗುವುದಿಲ್ಲ. ಅದೇ ಒಲೆ ಮುಂದೆ ನೆಟ್ಟಗೆ ನಿಂತು ನಾಲ್ಕು ದೋಸೆ ಹುಯ್ಯುವಷ್ಟರಲ್ಲಿ ಪಿರ್ರೆಯಿಂದ ಮೀನಖಂಡದವರೆಗೆ ಎರಡೂ ಕಾಲು ಜೋಮು ಹಿಡಿದು ಭಾರವಾಗಿಬಿಡುತ್ತವೆ. ಕುರ್ಚಿ ಎಳೆದುಕೊಂಡು ಕೂತರೆ ಸ್ವಲ್ಪ ಹೊತ್ತಿಗೆ ಎಲ್ಲ ಮಾಯ. ಮಾಯ ಅಂದರೆ ನಿಜವಾಗಲೂ ಮಾಯ, ಎದ್ದು ಓಡಾಡಬಹುದು. ನೋಡುವವರಿಗೆ ನಾಟಕ ಅನ್ನಿಸುತ್ತದೆ ಅಲ್ವಾ? ಕೆಲಸದ ಹೊತ್ತಿಗೆ ಕಾಲು ನೋವು, ಟಿವಿ ಮುಂದೆ ಕೂತರೆ ಆರಾಮ! ನಮ್ಮ ಮನೆಯಲ್ಲಿ ಬಾಯಿಬಿಟ್ಟು ಯಾರೂ ಹಾಗೆ ಹೇಳಲಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ನಾನು ಮೈಸೂರಿನವಳು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ 60ಕ್ಕೆ ರಿಟೈರ್ ಆದವಳು. ಸರ್ವಿಸ್ ಪೂರ್ತಿ ಬೋರ್ಡಿನ ಮುಂದೆ ನಿಂತೇ ಕಳೆದದ್ದರಿಂದ ಕಾಲು ನೋವು ಅನ್ನುವುದು ನನಗೆ ಹೊಸದೇನಲ್ಲ. ಹಾಗಾಗಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸಂಜೆ ನಡೆಯುವಾಗ ಕಾಲು ಹಿಡಿದುಕೊಳ್ಳಲು ಶುರುವಾದಾಗ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಮೊದಲು ಒಂದು ಸುತ್ತು ಮುಗಿಸಿ ಬೆಂಚಿನ ಮೇಲೆ ಕೂರುತ್ತಿದ್ದವಳು ಅರ್ಧ ಸುತ್ತಿಗೇ ಬೆಂಚು ಹುಡುಕಲು ಶುರು ಮಾಡಿದೆ. ಆಮೇಲೆ ಯಾವ ಬೆಂಚು ಎಲ್ಲಿದೆ ಅನ್ನುವುದು ಬಾಯಿಪಾಠವಾಯಿತು. ನಮ್ಮನೆಯವರು ಮುಂದೆ ಹೋಗಿ, ತಿರುಗಿ ನೋಡಿ, ವಾಪಸ್ ಬಂದು, "ಶುಗರ್ ಜಾಸ್ತಿ ಆಗಿದೆ ನಿಂಗೆ, ಚೆಕ್ ಮಾಡಿಸು" ಅನ್ನುತ್ತಿದ್ದರು. ಸಕ್ಕರೆ ಕಾಯಿಲೆ ಇರುವವರ ಕಥೆ ಇಷ್ಟೇ, ಏನೇ ಆದರೂ ತಪ್ಪೆಲ್ಲ ಶುಗರಿನ ತಲೆಗೆ.

ವಿಚಿತ್ರ ಅನ್ನಿಸಿದ್ದು ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋದಾಗ. ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುವ ಹರಕೆ ನನ್ನ ನಾದಿನಿಯದು. ಜೊತೆಗೆ ನಾನೂ ಒಂದು ಬದಿಯಿಂದ ಹಚ್ಚುತ್ತಾ ಹೋದೆ. ಬಗ್ಗಬೇಕು, ಹಚ್ಚಬೇಕು, ಒಂದು ಮೆಟ್ಟಿಲು ಏರಬೇಕು, ಮತ್ತೆ ಬಗ್ಗಬೇಕು. ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಉಸಿರು ಕಟ್ಟಿತು, ಮಂಡಿ ಕಟಕಟ ಅಂದಿತು, ಆದರೆ ಆ ಜೋಮು ಮಾತ್ರ ಬರಲೇ ಇಲ್ಲ. ಮೇಲೆ ಹೋದ ಮೇಲೆ ದರ್ಶನದ ಕ್ಯೂನಲ್ಲಿ ನಿಂತೆ ನೋಡಿ, ಬ್ಯಾರಿಕೇಡಿನ ಕಂಬಿ ಹಿಡಿದು ಜೋತುಬೀಳುವ ಹಾಗಾಯಿತು. ಇಳಿಯುವಾಗ ಇನ್ನೂ ಕಷ್ಟ. ನಂದಿ ಹತ್ತಿರ ಬರುವಷ್ಟರಲ್ಲಿ ಕಾಲು ಎಲ್ಲಿ ಇಡುತ್ತಿದ್ದೇನೆ ಅನ್ನುವುದೇ ಗೊತ್ತಾಗದೆ, ಅಲ್ಲಿಂದ ಆಟೋ ಹತ್ತಿ ಮನೆಗೆ ಬಂದೆವು. ಬೆಟ್ಟ ಹತ್ತಬಲ್ಲೆ, ಕ್ಯೂನಲ್ಲಿ ನಿಲ್ಲಲಾರೆ. ಇದು ಯಾವ ಸೀಮೆ ಶುಗರ್?

ಇನ್ನೊಂದು ಸುಳಿವು ಮೊಮ್ಮಗನಿಂದ ಸಿಕ್ಕಿತು. ಅವನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ನಮ್ಮ ಲೇಔಟಿನ ರಸ್ತೆಯಲ್ಲಿ ಹೊರಟರೆ ಪಾರ್ಕು ದಾಟಿ, ಹಾಲಿನ ಬೂತು ದಾಟಿ, ಆ ಕಡೆ ಮೇನ್ ರೋಡಿನವರೆಗೂ ಹೋಗಿ ಬರುತ್ತಿದ್ದೆ. ಗಾಡಿ ಇಲ್ಲದಿದ್ದರೆ ಪಾರ್ಕಿನ ಗೇಟೇ ನನ್ನ ಗಡಿ. ಸೊಸೆ ಇದನ್ನು ಗಮನಿಸಿ, "ಅತ್ತೆ, ಪಾಪು ಇದ್ರೆ ನಿಮಗೆ ನೋವೇ ಬರಲ್ಲ" ಅಂತ ನಗುತ್ತಿದ್ದಳು. ಪ್ರೀತಿಯ ಮಹಿಮೆ ಅಂತ ನಾನೂ ಅಂದುಕೊಂಡಿದ್ದೆ. ಗಾಡಿಯ ಹಿಡಿ ಸ್ವಲ್ಪ ಕೆಳಗಿತ್ತು, ಅದಕ್ಕೆ ಮುಂದಕ್ಕೆ ಬಾಗಿ ತಳ್ಳಬೇಕಿತ್ತು, ಮಹಿಮೆ ಅದರದ್ದು ಅಂತ ಡಾಕ್ಟರು ಹೇಳಿದ ಮೇಲೆ ಗೊತ್ತಾಯಿತು.

ಡಾಕ್ಟರು ಅಂದೆನಲ್ಲ, ಆ ಪುಣ್ಯಾತ್ಮರ ಹತ್ತಿರ ಹೋಗುವ ಮೊದಲು ಬೇರೆ ಕಡೆಯೂ ಓಡಾಡಿದ್ದಾಯಿತು. ಒಂದು ಕಡೆ ವಿಟಮಿನ್ ಮಾತ್ರೆ, ಒಂದು ಕಡೆ ಮಂಡಿ ಎಕ್ಸ್‌ರೇ. ಇವರು ಮಾತ್ರ ಮೊದಲು ಕೇಳಿದ್ದು, "ನಡೀವಾಗ ಕಾಲು ಹಿಡ್ಕೊಂಡ್ರೆ ಏನ್ಮಾಡ್ತೀರಿ? ನಿಂತ್ರೆ ಸಾಕಾ, ಕೂರಲೇಬೇಕಾ?" ಕೂರಲೇಬೇಕು, ಇಲ್ಲಾಂದ್ರೆ ಯಾವುದಾದರೂ ಸ್ಕೂಟರ್ ಸೀಟಿನ ಮೇಲೆ ಕೈಯೂರಿ ಬಗ್ಗಬೇಕು ಅಂದೆ. ಅವರ ಮುಖ ಅರಳಿತು, ನನ್ನ ಕ್ಲಾಸಿನಲ್ಲಿ ಹುಡುಗರು ಸರಿ ಉತ್ತರ ಹೇಳಿದಾಗ ನನ್ನ ಮುಖ ಅರಳುತ್ತಿತ್ತಲ್ಲ, ಹಾಗೆ. ಕಾಲಿನ ರಕ್ತನಾಳ ಕಟ್ಟಿಕೊಂಡರೂ ನಡೆಯುವಾಗ ಮೀನಖಂಡ ಹಿಡಿಯುತ್ತದಂತೆ, ಆದರೆ ಅಂಥವರಿಗೆ ಸುಮ್ನೆ ನಿಂತರೂ ಸಾಕು, ನೋವು ಇಳಿಯುತ್ತದೆ. ಸೈಕಲ್ ತುಳಿದರೂ ಅವರಿಗೆ ನೋವು ಬರುತ್ತದೆ. ನರ ಒತ್ತಿದವರಿಗೆ ನಿಂತರೆ ಸಾಲದು, ಬೆನ್ನು ಬಗ್ಗಬೇಕು. ಸೈಕಲ್ ಮೇಲೆ ಮುಂದಕ್ಕೆ ಬಾಗಿ ಕೂರುವುದರಿಂದ ತುಳಿಯಲು ಅಷ್ಟು ತೊಂದರೆ ಇಲ್ಲ. ಆದರೂ ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರು. ಆಮೇಲೆ ಒಂದು ಶ್ರುತಿಕವೆ ತೆಗೆದು ಮೇಜಿಗೆ ಕುಟ್ಟಿ ಹೆಬ್ಬೆರಳಿನ ಮೂಳೆ ಮೇಲೆ ಇಟ್ಟು, "ಗುಂಯ್ ಅಂತಿದೆಯಾ?" ಅಂದರು. ಸ್ಕೂಲ್ ಲ್ಯಾಬಿನಲ್ಲಿ ಶಬ್ದದ ಪಾಠಕ್ಕೆ ಇಟ್ಟುಕೊಳ್ಳುವ ಅದೇ ಶ್ರುತಿಕವೆ, ಇಲ್ಲಿ ಶುಗರಿನಿಂದ ನರ ಕೆಟ್ಟಿದೆಯಾ ಅಂತ ನೋಡಲು ಬಳಸುತ್ತಾರೆ. ಶುಗರಿನ ನರದ ತೊಂದರೆ ಸಾಮಾನ್ಯವಾಗಿ ಪಾದದಿಂದ, ಕಾಲುಚೀಲ ಹಾಕುವಷ್ಟು ಜಾಗದಲ್ಲಿ ಶುರುವಾಗುತ್ತದೆ, ರಾತ್ರಿ ಉರಿ ಜಾಸ್ತಿ, ಕೂತರೂ ನಿಂತರೂ ಅಷ್ಟೇ. ನನ್ನದು ಹಾಗಿರಲಿಲ್ಲ.

ಎಂಆರ್‌ಐ ಬಗ್ಗೆ ಒಂದೇ ಮಾತು. ಚಪ್ಪಟೆಯಾಗಿ ಅಂಗಾತ ಮಲಗುವುದೇ ಇಂಥವರಿಗೆ ಕಷ್ಟ. ಮಂಡಿ ಕೆಳಗೆ ದಿಂಬು ಕೊಡಿ ಅಂತ ಮೊದಲೇ ಕೇಳಿ, ಕೊಡುತ್ತಾರೆ. ರಿಪೋರ್ಟ್ ಬಂದಾಗ ಅದರಲ್ಲಿ ಇದ್ದ ಪದಗಳನ್ನು ನೋಡಿ ನಮ್ಮನೆಯವರಿಗೆ ಕೈಕಾಲು ಆಡಲಿಲ್ಲ. ಎಲ್4-ಎಲ್5 ಲೆವೆಲ್‌ನಲ್ಲಿ, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಬೆನ್ನುಮೂಳೆಯ ಮಟ್ಟದಲ್ಲಿ, ಸಿವಿಯರ್ ಕೆನಾಲ್ ಸ್ಟೆನೋಸಿಸ್, ಲಿಗಮೆಂಟಮ್ ಫ್ಲೇವಮ್ ದಪ್ಪ ಆಗಿದೆ, ಡಿಸ್ಕ್ ಉಬ್ಬಿದೆ, ಬೆನ್ನುಮೂಳೆಗಳನ್ನು ಹಿಂಬದಿಯಲ್ಲಿ ಜೋಡಿಸುವ ಫೆಸೆಟ್ ಕೀಲುಗಳು ಸವೆದು ಊದಿವೆ, ಹೀಗೆ. ಪಕ್ಕದ ಮನೆಯವರು "ಬೆನ್ನುಹುರಿ ಒತ್ತಿದೆ ಅಂದ್ರೆ ಲಕ್ವ ಹೊಡೆಯುತ್ತೆ ಟೀಚರ್" ಅಂತ ಬೇರೆ ಹೇಳಿ ಹೋದರು. ಡಾಕ್ಟರು ಬಿಡಿಸಿ ಹೇಳಿದ್ದು ಇಷ್ಟು. ಬೆನ್ನುಹುರಿ ಸೊಂಟದ ಮೇಲ್ಭಾಗಕ್ಕೇ ಮುಗಿದುಹೋಗುತ್ತದೆ, ಅಲ್ಲಿಂದ ಕೆಳಗೆ ಇರುವುದು ಕಾಲಿಗೆ ಇಳಿಯುವ ನರಗಳ ಗೊಂಚಲು. ಆ ನರಗಳು ಇಳಿಯುವ ಕೊಳವೆ ವಯಸ್ಸಾದಂತೆ ಸುತ್ತಲಿಂದಲೂ ಕಿರಿದಾಗುತ್ತದೆ. ಕೊಳವೆಯ ಹಿಂಬದಿಗೆ ಒಂದು ಪಟ್ಟಿ ಇದೆ, ಅದೇ ಲಿಗಮೆಂಟಮ್ ಫ್ಲೇವಮ್. ಮೊಣಕೈ ಮಡಚಿದಾಗ ರವಿಕೆಯ ತೋಳು ಒಳಬದಿಯಲ್ಲಿ ಸುಕ್ಕುಗಟ್ಟುತ್ತದಲ್ಲ, ಹಾಗೆ ಬೆನ್ನು ನೆಟ್ಟಗಾಗಿ ಹಿಂದಕ್ಕೆ ಬಾಗಿದಾಗ ಆ ಪಟ್ಟಿ ಸುಕ್ಕಾಗಿ ಕೊಳವೆಯ ಒಳಕ್ಕೆ ಬರುತ್ತದೆ. ಮೊದಲೇ ಜಾಗ ಇಲ್ಲ, ಇದೂ ಸೇರಿ ನರ ಒತ್ತುತ್ತದೆ. ಮುಂದಕ್ಕೆ ಬಗ್ಗಿದರೆ ಪಟ್ಟಿ ಹಿಗ್ಗುತ್ತದೆ, ಕೊಳವೆ ಸ್ವಲ್ಪ ತೆರೆದುಕೊಳ್ಳುತ್ತದೆ, ನರಕ್ಕೆ ರಕ್ತ ಓಡಾಡುತ್ತದೆ. ರಂಗೋಲಿ, ಬೆಟ್ಟ, ತಳ್ಳುಗಾಡಿ ಮೂರರ ಲೆಕ್ಕವೂ ಒಂದೇ ಏಟಿಗೆ ಬಿಡಿಸಿತು.

ಕೊಳವೆಯ ಅಗಲ ಹಿಂದೆಮುಂದೆ 10 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಜಾಸ್ತಿ ಕಿರಿದು ಅಂತ ಲೆಕ್ಕ. ಹೆಂಕ್ ವರ್ಬೀಸ್ಟ್ ಅಂತ ಡಚ್ ನ್ಯೂರೋಸರ್ಜನ್ ಒಬ್ಬರು, 1954ರಲ್ಲಿ ಅವರು ಬರೆದ ಲೇಖನದಿಂದಲೇ ಈ ಕಾಯಿಲೆ ಡಾಕ್ಟರುಗಳಿಗೆ ಚೆನ್ನಾಗಿ ಪರಿಚಯವಾದದ್ದು. ಆದರೆ ಮಿಲಿಮೀಟರ್ ಹಿಡಿದು ಕೊರಗುವುದು ಬೇಡ ಅಂದರು ನಮ್ಮ ಡಾಕ್ಟರು. ಗಣಿತದವಳಿಗೆ ಇದು ಒಪ್ಪಿಕೊಳ್ಳಲು ಕಷ್ಟವಾಯಿತು, ಆದರೂ ನಿಜ. ಸ್ಕ್ಯಾನಿನಲ್ಲಿ ತುಂಬಾ ಕಿರಿದಾಗಿ ಕಂಡರೂ ಆರಾಮಾಗಿ ಓಡಾಡುವವರಿದ್ದಾರೆ, ಅಷ್ಟೇನೂ ಇಲ್ಲದೆ ಒದ್ದಾಡುವವರೂ ಇದ್ದಾರೆ. ಎಷ್ಟು ದೂರ ನಡೆಯುತ್ತೀರಿ, ಎಷ್ಟು ಹೊತ್ತು ನಿಲ್ಲುತ್ತೀರಿ ಅನ್ನುವುದೇ ಮುಖ್ಯ. ತುಂಬಾ ಜನರಿಗೆ ಇದು ವರ್ಷಗಟ್ಟಲೆ ಇದ್ದ ಹಾಗೇ ಇರುತ್ತದೆ, ಕೆಲವರಿಗೆ ಸ್ವಲ್ಪ ಸುಧಾರಿಸುತ್ತದೆ, ಕೆಲವರಿಗೆ ನಿಧಾನಕ್ಕೆ ಜಾಸ್ತಿಯಾಗುತ್ತದೆ. ಇದ್ದಕ್ಕಿದ್ದಂತೆ ಕಾಲು ಬಿದ್ದುಹೋಗುವುದು ಅಪರೂಪ. ಇದನ್ನು ಕೇಳಿದ ದಿನ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾನು ಬರೆಯುತ್ತಿರುವುದೆಲ್ಲ ಸೊಂಟದ ಭಾಗದ ಸ್ಟೆನೋಸಿಸ್ ಬಗ್ಗೆ. ಕುತ್ತಿಗೆಯಲ್ಲಿ ಆದರೆ ಅಲ್ಲಿರುವುದು ನಿಜವಾದ ಬೆನ್ನುಹುರಿ. ರವಿಕೆ ಹುಕ್ಕು ಹಾಕಲು ಬೆರಳು ಕೇಳದಿರುವುದು, ಅಕ್ಷರ ಕೆಡುವುದು, ನಡೆಯುವಾಗ ತೂರಾಡುವುದು ಇದ್ದರೆ ಅದು ಬೇರೆ ಲೆಕ್ಕ. ಮನೆಮದ್ದು, ವ್ಯಾಯಾಮ ಅಂತ ಕಾಯಬಾರದು.

ಇನ್ನು ಯೋಗದ ಕಥೆ. ನಮ್ಮ ಊರಿನಲ್ಲಿ ಯೋಗ ಕ್ಲಾಸಿಗೆ ಹೋಗದ ರಿಟೈರ್ಡ್ ಟೀಚರ್ ಸಿಗುವುದು ಕಷ್ಟ. ನಾನು ಹೋಗುತ್ತಿದ್ದ ಕ್ಲಾಸಿನಲ್ಲಿ ಬೆನ್ನು ನೋವು ಅಂದವರಿಗೆಲ್ಲ ಭುಜಂಗಾಸನ. ಡಿಸ್ಕ್ ಜಾರಿದ ಎಷ್ಟೋ ಜನರಿಗೆ ಹಿಂದಕ್ಕೆ ಬಾಗುವುದರಿಂದ ಆರಾಮ ಸಿಗುತ್ತದೆ, ಫಿಸಿಯೋದವರೂ ಅದನ್ನೇ ಕೊಡುತ್ತಾರೆ. ನನಗೆ ಎದೆ ಎತ್ತಿದ ತಕ್ಷಣ ಕಾಲಿಗೆ ಕರೆಂಟ್ ಹೊಡೆಯುತ್ತಿತ್ತು. ಗುರುಗಳು "ಸಹಿಸ್ಕೊಳ್ಳಿ, ನರ ಸಡಿಲ ಆಗ್ತಿದೆ" ಅನ್ನುತ್ತಿದ್ದರು. ನರ ಸಡಿಲವೂ ಆಗುತ್ತಿರಲಿಲ್ಲ ಏನೂ ಇಲ್ಲ, ಕೊಳವೆಯಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿತ್ತು ಅಷ್ಟೇ. ಈಗ ಭುಜಂಗಾಸನ, ಉಷ್ಟ್ರಾಸನ, ಚಕ್ರಾಸನ ಎಲ್ಲಕ್ಕೂ ನಮಸ್ಕಾರ. ಸೂರ್ಯ ನಮಸ್ಕಾರದಲ್ಲೂ ಹಿಂದಕ್ಕೆ ಬಾಗುವ ಭಂಗಿ ಇವೆ, ಅದನ್ನೂ ಬಿಟ್ಟೆ. ಯೋಗ ಬಿಡಲಿಲ್ಲ, ಮುಂದಕ್ಕೆ ಮುದುಡುವ ಆಸನಗಳನ್ನು ಉಳಿಸಿಕೊಂಡೆ. ಪವನಮುಕ್ತಾಸನ ನನಗೆ ಔಷಧಿ. ಬಾಲಾಸನಕ್ಕೆ ಮಂಡಿ ಒಪ್ಪುವುದಿಲ್ಲ, ಅದಕ್ಕೆ ಎದೆ ಕೆಳಗೆ ದಿವಾನಿನ ಉದ್ದ ದಿಂಬು ಇಟ್ಟುಕೊಳ್ಳುತ್ತೇನೆ. ಮಾರ್ಜಾಲಾಸನದಲ್ಲಿ ಬೆನ್ನು ಮೇಲಕ್ಕೆ ಗುಮ್ಮಟ ಮಾಡುವ ಅರ್ಧ ಮಾತ್ರ, ಕೆಳಕ್ಕೆ ಬಗ್ಗಿಸುವ ಅರ್ಧ ಇಲ್ಲ.

ಫಿಸಿಯೋ ಹುಡುಗಿ ಹೇಳಿಕೊಟ್ಟದ್ದೂ ಸುಮಾರಾಗಿ ಇದೇ ದಾರಿ. ಬೆಳಿಗ್ಗೆ ಹಾಸಿಗೆ ಬಿಡುವ ಮೊದಲೇ ಶುರು. ಅಂಗಾತ ಮಲಗಿ ಒಂದೊಂದೇ ಮಂಡಿ ಎದೆಗೆ ಎಳೆದುಕೊಳ್ಳುವುದು, ಆಮೇಲೆ ಎರಡನ್ನೂ ಸೇರಿಸಿ ಎಳೆದು 20 ಎಣಿಸುವವರೆಗೆ ಹಿಡಿಯುವುದು. ಮಂಡಿ ಮಡಚಿಟ್ಟು ಹೊಟ್ಟೆ ಬಿಗಿ ಹಿಡಿದು ಸೊಂಟದ ಹಿಂದಿನ ಖಾಲಿ ಜಾಗವನ್ನು ಹಾಸಿಗೆಗೆ ಒತ್ತುವುದು. ಇದು ನೋಡಲು ಏನೂ ಅಲ್ಲ, ಆದರೆ ಸರಿಯಾಗಿ ಬರಲು ವಾರಗಟ್ಟಲೆ ಹಿಡಿಯಿತು. ಅವಳು ನನ್ನ ಸೊಂಟದ ಕೆಳಗೆ ತನ್ನ ಅಂಗೈ ಇಟ್ಟು, "ನನ್ನ ಕೈ ಜಜ್ಜಿ ಆಂಟಿ, ಇನ್ನೂ ಜಜ್ಜಿ" ಅನ್ನುತ್ತಿದ್ದಳು. ಹಾಗೆ ಹೇಳಿದ ಮೇಲೇ ಯಾವ ಸ್ನಾಯು ಅಂತ ಗೊತ್ತಾದದ್ದು. ಇದು ಸರಿಯಾಗಿ ಬಂದ ಮೇಲೆ, ಮಲಗಿದ ಹಾಗೇ ಸೊಂಟ ಸ್ವಲ್ಪ ಎತ್ತುವುದು, ಜಾಸ್ತಿ ಎತ್ತಿ ಬೆನ್ನು ಬಿಲ್ಲಾಗಬಾರದು. ಹೊಟ್ಟೆ ಮತ್ತು ಪಿರ್ರೆಯ ಸ್ನಾಯು ಗಟ್ಟಿಯಾದರೆ ನಿಂತಾಗ ಸೊಂಟ ಹಿಂದಕ್ಕೆ ಅಷ್ಟು ಬಾಗುವುದಿಲ್ಲ, ಒಳಗುಟ್ಟು ಅಷ್ಟೇ. ವ್ಯಾಯಾಮದಿಂದ ಕೊಳವೆ ಅಗಲ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೂಳೆ ಅಲ್ಲೇ ಇರುತ್ತದೆ. ಎಣ್ಣೆ ತಿಕ್ಕುವುದೂ ಹಾಗೆ, ಸ್ನಾಯು ಬಿಗಿತಕ್ಕೆ ಹಿತ, ಕೊಳವೆಗೆ ಸಂಬಂಧ ಇಲ್ಲ. ಹಿತ ಅನ್ನಿಸಿದರೆ ತಿಕ್ಕಿಸಿಕೊಳ್ಳಿ. ಬೆನ್ನು ತುಳಿಯುವವರು, ನೆಟಿಗೆ ಮುರಿಯುವವರ ಹತ್ತಿರ ಮಾತ್ರ ದಯವಿಟ್ಟು ಹೋಗಬೇಡಿ.

ಸೈಕಲ್ ನಮ್ಮ ಮನೆಯಲ್ಲಿ ಇತ್ತು. ಮಗ ಯಾವ ಕಾಲದಲ್ಲೋ ತಂದ ವ್ಯಾಯಾಮದ ಸೈಕಲ್, ಟವೆಲ್ ಒಣಗಿಸಲು ಅನುಕೂಲವಾಗಿತ್ತು. ಟವೆಲ್ ತೆಗೆದು ಎಣ್ಣೆ ಹಾಕಿಸಿದೆ. ಹ್ಯಾಂಡಲ್ ಮೇಲೆ ಮೊಣಕೈ ಊರಿ ಮುಂದಕ್ಕೆ ಬಾಗಿ ತುಳಿದರೆ ನಡೆಯುವುದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಕಾಲು ಆಡಿಸಬಹುದು. ಶುಗರ್ ಇರುವವರಿಗೆ ಇದು ದೊಡ್ಡ ಸಹಾಯ, ಯಾಕೆಂದರೆ ಈ ಕಾಯಿಲೆಯ ನಿಜವಾದ ಕೇಡು ಏನು ಅಂದರೆ ನೋವಿಗೆ ಹೆದರಿ ನಾವು ನಡೆಯುವುದನ್ನೇ ಬಿಡುತ್ತೇವೆ, ಆಮೇಲೆ ತೂಕ ಏರುತ್ತದೆ, ಶುಗರ್ ಏರುತ್ತದೆ, ಸ್ನಾಯು ಸೋಲುತ್ತದೆ, ಆಮೇಲೆ ಇನ್ನೂ ಕಡಿಮೆ ನಡೆಯುತ್ತೇವೆ.

ನಡೆಯುವುದಕ್ಕೆ ನನ್ನದೊಂದು ನಿಯಮ ಇದೆ. ಕಾಲು ಹಿಡಿದ ಮೇಲೆ ಕೂರುವುದಲ್ಲ, ಹಿಡಿಯುವ ಮೊದಲೇ ಕೂರಬೇಕು. ನೋವು ಪೂರ್ತಿ ಏರುವವರೆಗೆ ಹಟ ಹಿಡಿದು ನಡೆದರೆ ಇಳಿಯಲು ಬಹಳ ಹೊತ್ತು ಬೇಕು, ಅವತ್ತಿನ ದಿನ ಮುಗಿಯಿತು. ಪಿರ್ರೆಯಲ್ಲಿ ಸಣ್ಣಗೆ ಬಿಗಿ ಶುರುವಾದ ಕೂಡಲೇ ಕೂತು, ಮೊಣಕೈ ತೊಡೆ ಮೇಲೆ ಊರಿ ಮುಂದಕ್ಕೆ ಬಾಗಿ, ಆರಿಸಿಕೊಂಡು ಮತ್ತೆ ಎದ್ದರೆ ಅದೇ ದೂರ ಆರಾಮಾಗಿ ಮುಗಿಯುತ್ತದೆ. ಬೆಂಚಿಲ್ಲದ ಕಡೆ, ಅಂದರೆ ದೇವರಾಜ ಮಾರ್ಕೆಟ್ಟಿನಂಥ ಜಾಗದಲ್ಲಿ, ಚಪ್ಪಲಿ ಪಟ್ಟಿ ಸರಿ ಮಾಡುವ ನೆಪದಲ್ಲಿ ಬಗ್ಗುತ್ತೇನೆ. ಬಾಳೆಹಣ್ಣಿನವನಿಗೆ ಈಗ ಗೊತ್ತು, ನಾನು ಬಂದರೆ ಮಾತಿಲ್ಲದೆ ಒಂದು ಕ್ರೇಟ್ ಬೋರಲು ಹಾಕುತ್ತಾನೆ.

ಕೋಲು ಹಿಡಿಯಲು ನನಗೇನೂ ಬೇಜಾರಿರಲಿಲ್ಲ, ಆದರೆ ಕೋಲಿನಿಂದ ನನಗೆ ಅಂಥ ಪ್ರಯೋಜನ ಆಗಲಿಲ್ಲ. ಕೋಲು ಹಿಡಿದರೆ ನೆಟ್ಟಗೇ ನಡೆಯುತ್ತೀವಲ್ಲ. ಕೆಲಸಕ್ಕೆ ಬಂದದ್ದು ನಾಲ್ಕು ಚಕ್ರದ, ಬ್ರೇಕ್ ಮತ್ತು ಸೀಟ್ ಇರುವ ವಾಕರ್. ಹಿಡಿಯನ್ನು ಸ್ವಲ್ಪ ತಗ್ಗಿಸಿಕೊಂಡರೆ ಬಾಗಿ ತಳ್ಳಬಹುದು, ಸಾಕಾದರೆ ತಿರುಗಿ ಅದರ ಮೇಲೇ ಕೂರಬಹುದು. ಮೊಮ್ಮಗ ದೊಡ್ಡವನಾಗಿ ತಳ್ಳುಗಾಡಿ ಅಟ್ಟ ಸೇರಿದ ಮೇಲೆ ಇದೇ ನನ್ನ ಗಾಡಿ. ಫುಟ್‌ಪಾತ್ ಮೇಲೆ ಓಡುವುದಿಲ್ಲ, ನಮ್ಮ ಫುಟ್‌ಪಾತಿನ ಮೇಲೆ ಮನುಷ್ಯರೇ ಓಡಾಡಲಾರರು, ಅದು ಬೇರೆ ಮಾತು. ಕೆರೆ ಏರಿ ಮೇಲೆ, ಪಾರ್ಕಿನಲ್ಲಿ ಚೆನ್ನಾಗಿದೆ. ಹಳೇ ವಿದ್ಯಾರ್ಥಿಗಳು ಸಿಕ್ಕಿದರೆ ಗಾಬರಿಯಾಗಿ "ಏನಾಯ್ತು ಮಿಸ್?" ಅನ್ನುತ್ತಾರೆ. ಏನಿಲ್ಲಪ್ಪ, ಹೊಸ ಗಾಡಿ ತಗೊಂಡೆ ಅನ್ನುತ್ತೇನೆ.

ಮನೆಯೊಳಗೆ ಬದಲಾಯಿಸಿದ್ದೆಲ್ಲ ಸಣ್ಣಪುಟ್ಟದ್ದೇ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದು, ಒಳಗೆ ಒಂದು ಮಣೆ ಇಟ್ಟು, ಪಾತ್ರೆ ತೊಳೆಯುವಾಗ ಒಂದು ಕಾಲು ಅದರ ಮೇಲೆ, ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು. ಒಂದು ಕಾಲು ಮೇಲಿದ್ದರೆ ಸೊಂಟ ತಾನಾಗೇ ಮುಂದಕ್ಕೆ ಮಡಚುತ್ತದೆ. ಒಲೆ ಹತ್ತಿರ ಎತ್ತರದ ಸ್ಟೂಲ್. ತರಕಾರಿಗೆ ಮತ್ತೆ ಈಳಿಗೆ ಮಣೆ ಬಂತು, ಕೆಳಗೆ ಕೂತು ಹೆಚ್ಚುವಾಗ ಬೆನ್ನಿಗೆ ಪರಮ ಸುಖ, ಏಳುವಾಗ ಮಾತ್ರ ಮಂಡಿ ಬೈಯುತ್ತದೆ. ಚಪಾತಿ ಲಟ್ಟಿಸುವುದು ಊಟದ ಮೇಜಿನ ಮೇಲೆ, ಕೂತುಕೊಂಡು. ದೋಸೆ ಮಾತ್ರ ಬಗೆಹರಿಯಲಿಲ್ಲ. ಸ್ಟೂಲ್ ಮೇಲೆ ಕೂತು ಕಾವಲಿ ಮಧ್ಯಕ್ಕೆ ಕೈ ಎಟುಕಿಸುವುದು ನನಗಾಗದು. ಹಾಗಾಗಿ ಭಾನುವಾರದ ದೋಸೆ ಈಗ ನಮ್ಮನೆಯವರ ಪಾಲಿಗೆ. ಮೊದಮೊದಲು ಕರ್ನಾಟಕದ ನಕ್ಷೆ ಬರುತ್ತಿತ್ತು, ಈಗ ದುಂಡಗೆ ಬರುತ್ತದೆ. "ನಿಂತ್ಕೊಂಡು ಹುಯ್ಯೋದು ಇಷ್ಟು ಕಷ್ಟ ಅಂತ ಗೊತ್ತೇ ಇರ್ಲಿಲ್ಲ ಕಣೇ" ಅಂತ ಅವರು ಹೇಳಿದ್ದನ್ನು ಕೇಳಲು ಈ ಕಾಯಿಲೆ ಬರಬೇಕಾಯಿತು.

ಯಾರೂ ಹೇಳದೆ ನಾನೇ ಕಂಡುಕೊಂಡದ್ದು ಬಟ್ಟೆ ಹಗ್ಗದ ವಿಷಯ. ಟೆರೇಸಿನ ಹಗ್ಗ ಎತ್ತರದಲ್ಲಿತ್ತು. ಕತ್ತೆತ್ತಿ ಎರಡೂ ಕೈ ಮೇಲಕ್ಕೆ ಚಾಚಿ ಕ್ಲಿಪ್ ಹಾಕುವಾಗ ಬೆನ್ನು ಎಷ್ಟು ಹಿಂದಕ್ಕೆ ಬಾಗುತ್ತದೆ ಅನ್ನುವುದು ನಮಗೆ ಗೊತ್ತೇ ಆಗುವುದಿಲ್ಲ. ಬಟ್ಟೆ ಒಣಗಿಸಿದ ದಿನವೆಲ್ಲ ಸಂಜೆ ಕಾಲು ಜಾಸ್ತಿ ಹಿಡಿಯುತ್ತಿತ್ತು. ಹಗ್ಗ ಬಿಚ್ಚಿ ಎದೆಮಟ್ಟದ ಸ್ಟ್ಯಾಂಡ್ ತಂದೆವು, ಮುಗಿಯಿತು. ಅಟ್ಟದ ಡಬ್ಬಿ, ದೇವರ ಮನೆಯ ಮೇಲಿನ ಗೂಡು, ಫ್ಯಾನ್ ಒರೆಸುವುದು ಎಲ್ಲ ಇದೇ ಜಾತಿ. ಸೊಂಟ ನೋವು ಅಂತ ಕೆಳಗಿನ ಸಾಮಾನನ್ನೆಲ್ಲ ಮೇಲೆ ಎತ್ತಿಡುತ್ತಾರೆ ಜನ, ನಮ್ಮಂಥವರಿಗೆ ಮೇಲಿನದನ್ನು ಸೊಂಟದ ಮಟ್ಟಕ್ಕೆ ಇಳಿಸಬೇಕು. ಹಾಗಂತ ಬಗ್ಗಿ ತುಂಬಿದ ಬಿಂದಿಗೆ ಎತ್ತಬಹುದು ಅಂತಲ್ಲ. ಬಗ್ಗುವುದು ಬೇರೆ, ಬಗ್ಗಿ ಭಾರ ಎತ್ತುವುದು ಬೇರೆ. ಅದು ಯಾವ ಬೆನ್ನಿಗೂ ಒಳ್ಳೆಯದಲ್ಲ.

ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲ್, ಗೋಡೆಗೆ ಹಿಡಿ. ಮಲಗುವಾಗ ಪಕ್ಕಕ್ಕೆ ತಿರುಗಿ ಮುದುಡಿಕೊಂಡು ಮಂಡಿ ಮಧ್ಯೆ ಒಂದು ದಿಂಬು, ಅಂಗಾತ ಆದರೆ ಮಂಡಿ ಕೆಳಗೆ. ಬೋರಲು ಮಲಗುವುದು ಬಂದ್. ಬೆಲ್ಟ್ ದೂರದ ಪ್ರಯಾಣಕ್ಕೆ ಮಾತ್ರ, ದಿನವೆಲ್ಲ ಹಾಕಿಕೊಂಡು ಅದಕ್ಕೇ ಒಗ್ಗಿಹೋಗಬೇಡಿ ಅಂತ ಹೇಳಿದ್ದಾರೆ.

ಮದುವೆ ಮನೆ ಇನ್ನೊಂದು ಪರೀಕ್ಷೆ. ರಿಸೆಪ್ಷನ್ ಕ್ಯೂ ಗಂಟೆಗಟ್ಟಲೆ ಇರುತ್ತದೆ. ನಮ್ಮನೆಯವರು ಕ್ಯೂನಲ್ಲಿ ನಿಲ್ಲುತ್ತಾರೆ, ನಾನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿರುತ್ತೇನೆ, ಸ್ಟೇಜಿನ ಮೆಟ್ಟಿಲು ಹತ್ತಿರ ಬಂದಾಗ ಹೋಗಿ ಸೇರಿಕೊಳ್ಳುತ್ತೇನೆ. ಕೆಲವರು ಗುರಾಯಿಸುತ್ತಾರೆ. ಗುರಾಯಿಸಲಿ.

ಮಾತ್ರೆಗಳ ವಿಷಯಕ್ಕೆ ಬಂದರೆ, ನೋವಿನ ಮಾತ್ರೆ ಅಂಗಡಿಯಲ್ಲಿ ಕೇಳಿ ನುಂಗುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಶುಗರ್, ಬಿಪಿ ಇರುವವರಿಗೆ ಅಂಥ ಕೆಲವು ಮಾತ್ರೆಗಳು ಕಿಡ್ನಿಗೂ ಬಿಪಿಗೂ ಹೊಟ್ಟೆಗೂ ಕೆಟ್ಟದ್ದು. ನರದ ನೋವಿಗೆ ಅಂತ ನನಗೆ ಪ್ರೆಗಾಬಾಲಿನ್ ಕೊಟ್ಟಿದ್ದರು. ಬೆಳಿಗ್ಗೆ ಎದ್ದರೆ ತಲೆ ಗಿರ್ ಅನ್ನುತ್ತಿತ್ತು, ಪೇಪರ್ ಓದುತ್ತಾ ಹಾಗೇ ತೂಕಡಿಸುತ್ತಿದ್ದೆ. ನಡಿಗೆಯಲ್ಲಿ ಏನೂ ಫರಕು ಕಾಣಲಿಲ್ಲ. ಡಾಕ್ಟರಿಗೆ ಹೇಳಿ ನಿಧಾನಕ್ಕೆ ಕಡಿಮೆ ಮಾಡಿ ಬಿಟ್ಟೆ, ಇದನ್ನು ದಿಢೀರ್ ಅಂತ ನಿಲ್ಲಿಸಬಾರದು.

ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೂಡ ಆಯಿತು. ಕೆಲವು ವಾರ ಹಗುರ ಅನ್ನಿಸಿತು, ಜೊತೆಗೆ ಶುಗರ್ ಒಂದಷ್ಟು ದಿನ ಏರಿ ಕೂತಿತು. ಹೀಗಾಗುತ್ತದೆ ಅಂತ ಮೊದಲೇ ಹೇಳಿದ್ದರು. 2014ರಲ್ಲಿ ಅಮೆರಿಕದಲ್ಲಿ 400 ಜನರ ಮೇಲೆ ಒಂದು ಅಧ್ಯಯನ ಆಗಿತ್ತು. ಅರ್ಧ ಜನರಿಗೆ ಮರಗಟ್ಟಿಸುವ ಔಷಧಿಯ ಜೊತೆ ಸ್ಟೀರಾಯ್ಡ್, ಉಳಿದವರಿಗೆ ಬರೀ ಮರಗಟ್ಟಿಸುವ ಔಷಧಿ. ಆರು ವಾರ ಆದ ಮೇಲೆ ನೋಡಿದರೆ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದನ್ನು ಓದಿದ ಮೇಲೆ ಇನ್ನೊಂದು ಇಂಜೆಕ್ಷನ್ನಿಗೆ ನಾನು ಮನಸ್ಸು ಮಾಡಿಲ್ಲ. ಮನೆಯಲ್ಲಿ ಮದುವೆ ಇದೆ, ನಾಲ್ಕು ದಿನ ಓಡಾಡಲೇಬೇಕು ಅನ್ನುವವರು ತಗೊಂಡರೆ ನಾನೇನೂ ಬೇಡ ಅನ್ನುವುದಿಲ್ಲ.

ಆಪರೇಷನ್ ಬಗ್ಗೆ ಎರಡು ಕಡೆ ಕೇಳಿದೆವು. ಒಬ್ಬರು ಕೊಳವೆಯ ಹಿಂದಿನ ಮೂಳೆ ಸ್ವಲ್ಪ ಕೆತ್ತಿ ಜಾಗ ಮಾಡಿದರೆ ಸಾಕು ಅಂದರು, ಇನ್ನೊಬ್ಬರು ಸ್ಕ್ರೂ ರಾಡ್ ಹಾಕಲೇಬೇಕು ಅಂದರು. ಸ್ಕ್ರೂ ಯಾಕೆ ಬೇಕು ಅಂತ ಕೇಳಿದ್ದಕ್ಕೆ ಅಲ್ಲಿ ಸರಿಯಾದ ಉತ್ತರ ಸಿಗಲಿಲ್ಲ, ಎಸ್ಟಿಮೇಟ್ ಮಾತ್ರ ಕೈಗೆ ಬಂತು. ನಿಮಗೂ ಸ್ಕ್ರೂ ಅಂದರೆ ಮೂಳೆ ಜಾರಿದೆಯಾ, ಅಲ್ಲಾಡುತ್ತಿದೆಯಾ ಅಂತ ಕೇಳಿ. 2016ರಲ್ಲಿ ಸ್ವೀಡನ್ನಿನಲ್ಲಿ ಆದ ಅಧ್ಯಯನದಲ್ಲಿ ಬರೀ ಜಾಗ ಮಾಡಿಸಿಕೊಂಡವರಿಗಿಂತ ಸ್ಕ್ರೂ ಸಮೇತ ಮಾಡಿಸಿಕೊಂಡವರಿಗೆ ಜಾಸ್ತಿ ಲಾಭವೇನೂ ಕಾಣಲಿಲ್ಲ. ಹಾಗೆಯೇ 2015ರಲ್ಲಿ ಅಮೆರಿಕದಲ್ಲಿ ಆಪರೇಷನ್ನಿಗೆ ಒಪ್ಪಿದ 169 ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಫಿಸಿಯೋ ಕೊಟ್ಟು ನೋಡಿದರು. ಎರಡು ವರ್ಷ ಆದ ಮೇಲೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಆದರೆ ಫಿಸಿಯೋ ಗುಂಪಿನ ಅರ್ಧಕ್ಕಿಂತ ಜಾಸ್ತಿ ಜನ ಮಧ್ಯದಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು ಅನ್ನುವುದನ್ನೂ ಹೇಳಬೇಕು, ಅರ್ಧ ಲೆಕ್ಕ ಹೇಳಿ ನಿಲ್ಲಿಸುವುದು ನನ್ನ ಜಾಯಮಾನ ಅಲ್ಲ. ನನ್ನ ಜೊತೆ ಪಾಠ ಮಾಡುತ್ತಿದ್ದ ಕನ್ನಡ ಟೀಚರ್ ಒಬ್ಬರು ಮಾಡಿಸಿಕೊಂಡು ಈಗ ಚೆನ್ನಾಗಿ ಓಡಾಡುತ್ತಿದ್ದಾರೆ. ಅವರಿಗೆ ಮನೆಯೊಳಗೆ ಹಾಲಿನಿಂದ ಅಡುಗೆಮನೆಗೆ ಹೋಗುವುದೇ ಕಷ್ಟವಾಗಿತ್ತು. ನಾನಿನ್ನೂ ಅಲ್ಲಿಗೆ ಬಂದಿಲ್ಲ.

ಬಂದರೆ ತಡ ಮಾಡುವುದಿಲ್ಲ. ಮೂಳೆ ಕೆತ್ತಿದರೆ ಸಾಕು ಅಂದ ಡಾಕ್ಟರ ಜೊತೆ ಇದನ್ನು ಮಾತಾಡಿಟ್ಟಿದ್ದೇನೆ. ಫ್ರಿಜ್ಜಿನ ಬಾಗಿಲ ಮೇಲೆ ಒಂದು ಚೀಟಿ ಅಂಟಿಸಿದೆ, ನನಗಿಂತ ಮನೆಯವರಿಗೆ ಗೊತ್ತಿರಲಿ ಅಂತ. ಕೂರುವಾಗ ನೆಲಕ್ಕೆ ತಾಗುವ ಭಾಗ, ತೊಡೆ ಸಂದು ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಾಗದೆ ಹೋದರೆ, ಮಲ ತಡೆಯಲು ಆಗದಿದ್ದರೆ, ಎರಡೂ ಕಾಲಿನ ಶಕ್ತಿ ಇದ್ದಕ್ಕಿದ್ದಂತೆ ಕುಸಿದರೆ ಆ ಕ್ಷಣವೇ ಎಮರ್ಜೆನ್ಸಿಗೆ ಹೋಗಬೇಕು, ಬೆಳಿಗ್ಗೆ ನೋಡೋಣ ಅನ್ನಬಾರದು. ಪಾದ ಎತ್ತಲಾಗದೆ ಎಡವುತ್ತಿದ್ದರೆ, ಚಪ್ಪಲಿ ಕಾಲಿನಿಂದ ಕಳಚಿದ್ದೇ ತಿಳಿಯದಿದ್ದರೆ ಅದೂ ಕಾಯುವ ವಿಷಯ ಅಲ್ಲ. ಇದಕ್ಕಾಗಿ ಆಗಾಗ ಅಡುಗೆ ಕಟ್ಟೆ ಹಿಡಿದುಕೊಂಡು ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಿನಲ್ಲಿ ನಾಲ್ಕು ಹೆಜ್ಜೆ ಹಾಕಿ ನೋಡುತ್ತೇನೆ. ಮೊಮ್ಮಗನೂ ಹಿಂದೆ ಬಂದು ಹಾಗೇ ನಡೆಯುತ್ತಾನೆ, ಅವನಿಗೆ ಅದೊಂದು ಆಟ.

ಸದ್ಯಕ್ಕೆ ಎರಡೂ ಪಾದ ಸರಿಯಾಗಿ ಏಳುತ್ತಿವೆ. ಚಳಿಗಾಲದ ಬೆಳಿಗ್ಗೆ ಬಿಗಿ ಜಾಸ್ತಿ, ಬಿಸಿನೀರಿನ ಬ್ಯಾಗು ಇಟ್ಟರೆ ಸಡಿಲವಾಗುತ್ತದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗಬೇಕಾದದ್ದು ದಸರಾ ಆದ ಮೇಲೆ. ಅಷ್ಟರಲ್ಲಿ ಸೈಕಲ್ಲಿನ ಎಡಗಡೆ ಪೆಡಲ್ ಪಟ್ಟಿ ಕಿತ್ತುಹೋಗಿದೆ, ಅದನ್ನು ಹಾಕಿಸಬೇಕು.